ಮೂವತ್ತಾರು ತಿರುವುಗಳು ಕಲಿಸುವ ಪಾಠ

ಸೈಕಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ದಾರಿ, ಹಾಲಿನ ಕ್ಯಾನು, ಅಂಚೆಯವನ ಗಂಟೆ. ಅದು ಒಬ್ಬರ ವಾಹನ. ಹತ್ತಿದವನು ತನ್ನ ಕಾಲಿನ ಬಲದಿಂದ ತನ್ನ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ. ಆದರೆ ಇದೇ ಒಬ್ಬರ ವಾಹನವನ್ನು ಐವತ್ತು, ನೂರು ಮಂದಿ ಒಟ್ಟಿಗೆ ಹತ್ತಿ ದಿನಕ್ಕೆ ನೂರು ಕಿಲೋಮೀಟರಿನಂತೆ ವಾರಗಟ್ಟಲೆ ಸಾಗಿದರೆ ಅಲ್ಲಿ ಬೇರೊಂದು ಶಾಲೆ ತೆರೆಯುತ್ತದೆ. ಪುಸ್ತಕವಿಲ್ಲದ, ಪರೀಕ್ಷೆ ಮಾತ್ರ ಇರುವ ಶಾಲೆ ಅದು.

ಇಂಥ ಸಾಮೂಹಿಕ ಸೈಕಲ್ ಯಾತ್ರೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರ ಸಂಘ ಹುಟ್ಟಿದ್ದು 1878ರಲ್ಲಿ. ಅಮೆರಿಕದ ಅಯೋವಾ ರಾಜ್ಯದಲ್ಲಿ ಇಬ್ಬರು ಪತ್ರಕರ್ತರು 1973ರಲ್ಲಿ ಓದುಗರನ್ನು ಜೊತೆಗೆ ಕರೆದು ರಾಜ್ಯದ ಪಶ್ಚಿಮದ ಅಂಚಿನಿಂದ ಪೂರ್ವದ ಅಂಚಿನವರೆಗೆ ಸೈಕಲ್ ತುಳಿದರು. ಆ ಯಾತ್ರೆ ಇಂದು ಸಾವಿರಾರು ಜನರ ವಾರ್ಷಿಕ ಜಾತ್ರೆಯಾಗಿದೆ. ನಮ್ಮ ಕಡೆ 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಆರಂಭವಾಯಿತು. ಕರ್ನಾಟಕ, ತಮಿಳುನಾಡು, ಕೇರಳ ಈ ಮೂರು ರಾಜ್ಯಗಳ ಬೆಟ್ಟದ ದಾರಿಗಳನ್ನು ಅದು ದೂರದ ಸೈಕಲ್ ಸವಾರರಿಗೆ ಪರಿಚಯ ಮಾಡಿಸಿತು. ಆ ದಾರಿಗಳಲ್ಲಿ ಸವಾರರು ಹೆಚ್ಚು ಭಯಭಕ್ತಿಯಿಂದ ಮಾತನಾಡುವುದು ಒಂದನ್ನು ಕುರಿತು: ಮೈಸೂರಿನಿಂದ ಮಸಿನಗುಡಿ, ಕಲ್ಹಟ್ಟಿ ಮಾರ್ಗವಾಗಿ ಉದಕಮಂಡಲ, ಅಂದರೆ ನಮ್ಮ ಊಟಿ. ಸುಮಾರು 125 ಕಿಲೋಮೀಟರ್.

ಇಂದಿನ ಪಾಠಕ್ಕೆ ಆ ಒಂದು ದಿನವನ್ನು ತೆಗೆದುಕೊಳ್ಳೋಣ. ಬೆಳಗಿನಿಂದ ಸಂಜೆಯವರೆಗೆ ದಾರಿ ಹೇಗೆ ಬದಲಾಗುತ್ತದೆ, ದಾರಿ ಬದಲಾದಂತೆ ಜೊತೆಗಾರರ ಕರ್ತವ್ಯ ಹೇಗೆ ಬದಲಾಗುತ್ತದೆ ಎಂದು ನೋಡೋಣ. ಸೈಕಲ್ ಹತ್ತದವರೂ ಓದಬಹುದು. ಮನೆಯೆಂಬುದೂ ಒಂದು ಕೂಡುಪ್ರಯಾಣವೇ ಅಲ್ಲವೇ?

1. ಗಾಳಿಯನ್ನು ಹಂಚಿಕೊಳ್ಳುವುದು

ಡಿಸೆಂಬರಿನ ಬೆಳಿಗ್ಗೆ ಆರು ಗಂಟೆ. ಮೈಸೂರಿನಲ್ಲಿ ಇನ್ನೂ ಮಬ್ಬುಗತ್ತಲೆ. ಸವಾರರು ಚಕ್ರದ ಗಾಳಿ ಒತ್ತಿ ನೋಡುತ್ತಾರೆ, ಬ್ರೇಕು ಹಿಡಿದು ನೋಡುತ್ತಾರೆ, ನೀರಿನ ಸೀಸೆ ತುಂಬಿಸಿಕೊಳ್ಳುತ್ತಾರೆ. ನಂಜನಗೂಡಿನವರೆಗೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಇಲ್ಲಿ ಸವಾರನ ಶತ್ರು ದಾರಿಯಲ್ಲ, ಗಾಳಿ.

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ; ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗುವವನ ಶ್ರಮದ ಬಹುಭಾಗ ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಆದರೆ ಅವನ ಹಿಂದೆ ಒಂದು ಮೊಳ ದೂರದಲ್ಲಿ ಬರುವವನಿಗೆ ಈ ಶ್ರಮದಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಉಳಿತಾಯ. ಮುಂದಿನವನ ಬೆನ್ನು ಅವನಿಗೆ ಗೋಡೆ.

ಹೀಗಾಗಿ ಅನುಭವಿಗಳು ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುತ್ತಾರೆ. ಮುಂದಿನವನು ಕೆಲವು ನಿಮಿಷ ಗಾಳಿಗೆ ಎದೆಯೊಡ್ಡಿ ನಡೆಸುತ್ತಾನೆ. ಆಯಾಸವಾಗುವ ಮೊದಲೇ ಪಕ್ಕಕ್ಕೆ ಸರಿದು, ಸಾಲು ಮುಂದೆ ಹೋಗಲು ಬಿಟ್ಟು, ಕೊನೆಗೆ ಸೇರಿಕೊಳ್ಳುತ್ತಾನೆ. ಎರಡನೆಯವನು ಮುಂದಾಳಾಗುತ್ತಾನೆ. ಯಾರೂ ದಿನವಿಡೀ ನಾಯಕನಲ್ಲ, ಯಾರೂ ದಿನವಿಡೀ ನೆರಳಿನಲ್ಲಿಲ್ಲ.

ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ತಮ್ಮ ಸರದಿ ಬಂದೊಡನೆ ಹುರುಪಿನಿಂದ ವೇಗ ಹೆಚ್ಚಿಸಿಬಿಡುತ್ತಾರೆ. ಅಷ್ಟು ಹೊತ್ತು ಗಾಳಿಗೆ ಎದೆಯೊಡ್ಡಿ ಬಳಲಿ ಈಗಷ್ಟೇ ಸಾಲಿನ ಕೊನೆಗೆ ಬಂದವನು ಆ ವೇಗಕ್ಕೆ ಕಚ್ಚಿಕೊಳ್ಳಲಾರದೆ ಉದುರಿಹೋಗುತ್ತಾನೆ. ಎಲ್ಲರಿಗಾಗಿ ದುಡಿದವನೇ ಒಂಟಿಯಾಗುತ್ತಾನೆ. ಆದ್ದರಿಂದ ನಿಯಮ ಸರಳ: ಮುಂದಾಳು ಬದಲಾಗಲಿ, ವೇಗ ಬದಲಾಗದಿರಲಿ.

ಮನೆಯ ಯಜಮಾನಿಕೆ ಕೈ ಬದಲಾದಾಗ, ಅಂಗಡಿ ಅಪ್ಪನಿಂದ ಮಗನಿಗೆ ಬಂದಾಗ, ಅಡುಗೆಮನೆ ಅತ್ತೆಯಿಂದ ಸೊಸೆಗೆ ಬಂದಾಗ, ಸಂಘಕ್ಕೆ ಹೊಸ ಅಧ್ಯಕ್ಷರು ಬಂದಾಗ ಇದೇ ಆಗುವುದನ್ನು ನಾವು ಕಂಡಿಲ್ಲವೇ? ಹೊಸಬರ ಉತ್ಸಾಹ ತಪ್ಪಲ್ಲ. ಆದರೆ ಇಷ್ಟು ದಿನ ಗಾಳಿ ತಡೆದವರು ಈಗ ಕೊನೆಯಲ್ಲಿದ್ದಾರೆ ಎಂಬುದನ್ನು ಮರೆತ ಉತ್ಸಾಹ ಕ್ರೂರವಾಗಿಬಿಡುತ್ತದೆ.

2. ಮುಂದಿನವನ ಕೈ

ಸಾಲಿನಲ್ಲಿ ಹೋಗುವವನಿಗೆ ಲಾಭವಿದ್ದಂತೆ ಅಪಾಯವೂ ಇದೆ. ಅವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ರಸ್ತೆಯ ಗುಂಡಿ ಕಾಣುವುದಿಲ್ಲ. ಆದ್ದರಿಂದ ಮುಂದಿನವನು ಕೈ ಕೆಳಗೆ ಚಾಚಿ ಗುಂಡಿಯನ್ನು ತೋರಿಸುತ್ತಾನೆ. ಅಂಗೈ ಹಿಂದಕ್ಕೆ ಮಾಡಿ ವೇಗ ತಗ್ಗುತ್ತಿದೆ ಎನ್ನುತ್ತಾನೆ. ಎದುರಿಗೆ ಲಾರಿ ಬಂದರೆ, ಉಬ್ಬು ಬಂದರೆ ಕೂಗಿ ಹೇಳುತ್ತಾನೆ. ಎರಡನೆಯವನು ಅದೇ ಸನ್ನೆಯನ್ನು ಮೂರನೆಯವನಿಗೆ, ಮೂರನೆಯವನು ನಾಲ್ಕನೆಯವನಿಗೆ ದಾಟಿಸುತ್ತಾನೆ. ಸನ್ನೆ ನಡುವೆ ಎಲ್ಲಿಯೋ ನಿಂತುಹೋದರೆ ಅಲ್ಲಿಂದ ಹಿಂದಿರುವವರೆಲ್ಲ ಕುರುಡರು.

ಇದು ಆಟದ ಮಾತಲ್ಲ. ಮೇಲೆ ಹೇಳಿದ ಅಯೋವಾ ಯಾತ್ರೆಯಲ್ಲಿ 2004ರಲ್ಲಿ ರಸ್ತೆಯ ನಡುವಣ ಬಿರುಕಿಗೆ ಚಕ್ರ ಸಿಕ್ಕಿ ಬಿದ್ದ ಸವಾರನೊಬ್ಬ ಪ್ರಾಣ ಕಳೆದುಕೊಂಡ. ಬೆರಳಗಲದ ಬಿರುಕು ಸಾಕು.

ಗುಂಪಿನ ಸವಾರಿಯ ಒಂದು ವಿಚಿತ್ರ ಧರ್ಮವೆಂದರೆ, ಮುಂದಿನವನು ಥಟ್ಟನೆ ಬ್ರೇಕು ಹಾಕಿದರೆ ಅವನಿಗೆ ಏನೂ ಆಗುವುದಿಲ್ಲ; ಬೀಳುವವರು ಹಿಂದಿನವರು. ತನ್ನ ಕಣ್ಣಿಗೆ ಕಾಣದವರಿಗಾಗಿ ತಾನು ಜವಾಬ್ದಾರ ಎಂಬ ಅರಿವು ಬಂದಾಗಲೇ ಒಬ್ಬನು ಮುಂದೆ ಹೋಗಲು ಯೋಗ್ಯನಾಗುತ್ತಾನೆ. ತಂದೆತಾಯಿಯರು ಸಾಲ ಮಾಡುವಾಗ, ಕುಡಿಯುವಾಗ, ಜಗಳವಾಡುವಾಗ ಇದನ್ನೊಮ್ಮೆ ನೆನೆಯುವುದು ಒಳ್ಳೆಯದು. ಮುಂದಿನವರ ಬ್ರೇಕು ಹಿಂದಿನವರ ಮೊಣಕಾಲನ್ನು ಒಡೆಯುತ್ತದೆ.

3. ಹಸಿವೆಗೆ ಮೊದಲೇ ತುತ್ತು

ನಂಜನಗೂಡಿನಲ್ಲಿ ಕಪಿಲಾ ನದಿ ದಾಟಿ ಬೇಗೂರು, ಗುಂಡ್ಲುಪೇಟೆಯತ್ತ ಸಾಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ದಾರಿ ಕಾಣದಂತೆ ಏರುತ್ತಿರುತ್ತದೆ. ಇಲ್ಲಿ ಕಲಿಯಬೇಕಾದ ಪಾಠ ಊಟದ್ದು.

ನಮ್ಮ ದೇಹ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಕ್ಕರೆಯ ಸಂಗ್ರಹವೊಂದನ್ನು ಇಟ್ಟುಕೊಂಡಿರುತ್ತದೆ. ಜೋರಾಗಿ ತುಳಿಯುವವನಿಗೆ ಅದು ಒಂದೂವರೆ ಎರಡು ಗಂಟೆಯಲ್ಲಿ ಬತ್ತತೊಡಗುತ್ತದೆ. ಬತ್ತಿದ ಮೇಲೆ ಕಾಲು ಕಲ್ಲಾಗುತ್ತದೆ, ತಲೆ ಮಂಕಾಗುತ್ತದೆ, ಕಾರಣವಿಲ್ಲದೆ ಅಳುವೂ ಸಿಟ್ಟೂ ಬರುತ್ತವೆ. ಆಗ ತಿಂದರೆ ಚೇತರಿಕೆಗೆ ಬಹಳ ಹೊತ್ತು ಬೇಕು. ಆದ್ದರಿಂದ ಹಸಿವಾಗುವ ಮೊದಲೇ ತಿನ್ನು, ಬಾಯಾರುವ ಮೊದಲೇ ಕುಡಿ ಎಂಬುದು ದೂರದ ಸವಾರರ ಮೊದಲ ಆಜ್ಞೆ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಒಂದು ಬಾಳೆಹಣ್ಣು, ಒಂದು ತುಂಡು ಕಡಲೆ ಚಿಕ್ಕಿ, ಎರಡು ಖರ್ಜೂರ. ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ನೀರು, ಅದರಲ್ಲಿ ಚಿಟಿಕೆ ಉಪ್ಪು. ರಸಬಾಳೆಗೆ ಹೆಸರಾದ ನಂಜನಗೂಡಿನಲ್ಲಿ ಬಾಳೆಹಣ್ಣಿಗಾಗಿ ಹುಡುಕಬೇಕಾಗಿಲ್ಲ!

ಜೊತೆಗಾರನೊಬ್ಬ ಇದ್ದಕ್ಕಿದ್ದಂತೆ ಮೌನಿಯಾದರೆ ಅಥವಾ ಸಿಡುಕಿದರೆ ಅನುಭವಿಯಾದವನು ವಾದಕ್ಕಿಳಿಯುವುದಿಲ್ಲ. ‘ಕೊನೆಯ ಬಾರಿ ಏನು ತಿಂದೆ?’ ಎಂದು ಕೇಳಿ ಜೇಬಿನಿಂದ ಚಿಕ್ಕಿ ತೆಗೆದುಕೊಡುತ್ತಾನೆ. ಎಷ್ಟೋ ವೇಳೆ ಸ್ವಭಾವ ದೋಷವೆಂದು ನಾವು ತೀರ್ಪು ಕೊಡುವುದು ಬರಿಯ ಬಳಲಿಕೆಯಾಗಿರುತ್ತದೆ. ಸಂಜೆ ಕೆಲಸದಿಂದ ಬಂದ ಗಂಡನ ಮೊದಲ ಮಾತಿಗೆ, ಬೆಳಗಿನಿಂದ ದುಡಿದ ಹೆಂಡತಿಯ ಮೊದಲ ಮಾತಿಗೆ ಉತ್ತರ ಕೊಡುವ ಮುನ್ನ ಒಂದು ಲೋಟ ನೀರು ಕೊಟ್ಟು ನೋಡಿ. ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

4. ಬೇರೆಯವರ ಮನೆಯಲ್ಲಿ ಅತಿಥಿ

ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಅರಣ್ಯಗಳಲ್ಲಿ ಇದೂ ಒಂದು. ಈ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದ ಮೂಕಪ್ರಾಣಿಗಳ ಸಲುವಾಗಿ ಬಂದ ನಿಯಮ ಅದು.

ಕಾಡಿನ ಒಳಗೆ ಸೈಕಲ್ ಗುಂಪಿನ ನಡತೆ ಬೇರೆ. ನಿಲ್ಲುವಂತಿಲ್ಲ, ಇಳಿಯುವಂತಿಲ್ಲ, ಕೂಗುವಂತಿಲ್ಲ, ಕೋತಿಗೆ ಬಾಳೆಹಣ್ಣು ಎಸೆಯುವಂತಿಲ್ಲ, ಚಿಕ್ಕಿಯ ಹಾಳೆಯನ್ನು ಬಿಸಾಡುವಂತಿಲ್ಲ. ಒಂಟಿಯಾಗಿ ಮುಂದೆ ಓಡುವಂತೆಯೂ ಇಲ್ಲ. ಗುಂಪು ಕೂಡಿಯೇ ದಾಟಬೇಕು. ಅರಣ್ಯ ಇಲಾಖೆಯವರು ಸೈಕಲ್ ಬೇಡವೆಂದರೆ ಸೈಕಲನ್ನು ವಾಹನಕ್ಕೇರಿಸಿ ಕುಳಿತು ದಾಟಬೇಕು. ‘ನಾವು ಹೊಗೆ ಬಿಡುವುದಿಲ್ಲ, ಸದ್ದು ಮಾಡುವುದಿಲ್ಲ, ನಮಗೇಕೆ ನಿರ್ಬಂಧ?’ ಎಂದು ವಾದಿಸುವವರುಂಟು. ಆದರೆ ಆನೆಯ ಮುಂದೆ ಸೈಕಲ್ ಸವಾರ ಕಾರಿನವನಿಗಿಂತ ದುರ್ಬಲ. ಒಬ್ಬನ ಹಟದಿಂದ ಆನೆಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ.

ಕೆಕ್ಕನಹಳ್ಳದಲ್ಲಿ ಕರ್ನಾಟಕ ಮುಗಿದು ತಮಿಳುನಾಡಿನ ಮುದುಮಲೈ ಅರಣ್ಯ ಮೊದಲಾಗುತ್ತದೆ. ಮೋಯಾರ್ ನದಿಯ ದಡದಲ್ಲಿ ತೆಪ್ಪಕಾಡಿನ ಆನೆ ಶಿಬಿರ. ತಾಯಿಯಿಲ್ಲದ ಆನೆಮರಿಗಳನ್ನು ಇಲ್ಲಿ ಸಾಕಿದ ದಂಪತಿಯನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಬಂದುದು ಓದುಗರಿಗೆ ನೆನಪಿರಬಹುದು. ಸವಾರರಿಗೆ ಇಲ್ಲಿ ನಿಂತು ನೋಡುವ ಆಸೆ. ಆದರೆ ಬಿಸಿಲು ನೆತ್ತಿಗೇರುತ್ತಿದೆ, ಬೆಟ್ಟ ಕಾಯುತ್ತಿದೆ.

5. ಯಾರೂ ಹೊರಲಾರದ ಭಾರ

ಮಸಿನಗುಡಿ ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಊಟಿ 2,240 ಮೀಟರ್. ಇವೆರಡರ ನಡುವಣ ದೂರ 30 ಕಿಲೋಮೀಟರಿನಷ್ಟೇ. ಏರುವಿಕೆಯ ಬಹುಭಾಗ ಕಲ್ಹಟ್ಟಿ ಘಾಟಿಯ ಹನ್ನೆರಡು ಹದಿಮೂರು ಕಿಲೋಮೀಟರಿನಲ್ಲಿಯೇ ಮುಗಿಯಬೇಕು. ಆದ್ದರಿಂದ ರಸ್ತೆ ಹಾವಿನಂತೆ ಸುತ್ತುತ್ತದೆ: ಮೂವತ್ತಾರು ಹಿಮ್ಮುರಿ ತಿರುವುಗಳು. ಪ್ರತಿಯೊಂದಕ್ಕೂ ಸಂಖ್ಯೆ ಬರೆದಿದೆ.

ಇಲ್ಲಿ ಬೆಳಗಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ವೇಗ ಗಂಟೆಗೆ ಏಳೆಂಟು ಕಿಲೋಮೀಟರಿಗೆ ಇಳಿಯುತ್ತದೆ. ಆ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ. ಮುಂದಿನವನ ಬೆನ್ನ ಮರೆ ಈಗ ಯಾವ ಕೆಲಸಕ್ಕೂ ಬಾರದು. ಈಗಿನ ಶತ್ರು ಗಾಳಿಯಲ್ಲ, ಭಾರ. ಸೈಕಲ್ ಸೇರಿ 80 ಕಿಲೋ ತೂಗುವ ಸವಾರ 1,200 ಮೀಟರ್ ಮೇಲೇರಬೇಕಾದರೆ ಆ 80 ಕಿಲೋವನ್ನು ಅಷ್ಟು ಎತ್ತರಕ್ಕೆ ಅವನೇ ಎತ್ತಬೇಕು. ತಿಂದ ಆಹಾರದ ಶಕ್ತಿಯಲ್ಲಿ ದೇಹವು ಪೆಡಲಿಗೆ ತಲುಪಿಸುವುದು ಕಾಲುಭಾಗದಷ್ಟು ಮಾತ್ರ, ಉಳಿದದ್ದು ಬೆವರಾಗಿ, ಬಿಸಿಯಾಗಿ ಹೋಗುತ್ತದೆ. ಆ ಲೆಕ್ಕದಲ್ಲಿ ಈ ಒಂದು ಏರಿಗೇ ಸುಮಾರು ಸಾವಿರ ಕ್ಯಾಲೊರಿ ಬೇಕು. ಈ ಭಾರವನ್ನು ಇನ್ನೊಬ್ಬ ಹೊರಲಾರ. ಎಂಥ ಗೆಳೆಯನಾದರೂ ನಿನ್ನ ತೂಕವನ್ನು ತನ್ನ ಕಾಲಿನಿಂದ ಎತ್ತಲಾರ.

ಇದು ಈ ದಿನದ ಅತಿ ಮುಖ್ಯ ಪಾಠ. ಬದುಕಿನಲ್ಲಿ ಎರಡು ಬಗೆಯ ಕಷ್ಟಗಳಿವೆ. ಒಂದು ಗಾಳಿಯಂಥದು: ಸಾಲ, ಮಗುವಿನ ಶುಲ್ಕ, ಮನೆ ಕೆಲಸ, ರೋಗಿಯ ಆರೈಕೆ. ಇದನ್ನು ಒಬ್ಬರ ಬದಲು ಇನ್ನೊಬ್ಬರು ಸ್ವಲ್ಪ ಹೊತ್ತು ತಡೆಯಬಹುದು. ಇನ್ನೊಂದು ಭಾರದಂಥದು: ಸತ್ತವರ ದುಃಖ, ರೋಗದ ನೋವು, ಪರೀಕ್ಷೆಯ ಕೊಠಡಿ, ಕುಡಿತ ಬಿಡುವವನ ಹೋರಾಟ, ಮುಪ್ಪು. ಇದನ್ನು ಅವರವರೇ ಎತ್ತಬೇಕು. ಮೊದಲನೆಯದರಲ್ಲಿ ಸಹಾಯ ಮಾಡದೆ ‘ನಿನ್ನ ಕಷ್ಟ ನೀನೇ ನೋಡಿಕೊ’ ಎನ್ನುವುದು ನಿರ್ದಯೆ. ಎರಡನೆಯದರಲ್ಲಿ ಭಾರವನ್ನೇ ಕಿತ್ತುಕೊಳ್ಳಲು ಹೋಗುವುದು, ‘ಅಳಬೇಡ, ನಾನಿದ್ದೇನೆ, ಎಲ್ಲಾ ಸರಿಹೋಗುತ್ತದೆ’ ಎಂದು ಬಾಯಿ ಮುಚ್ಚಿಸುವುದು ಅವಿವೇಕ. ಯಾವುದು ಗಾಳಿ, ಯಾವುದು ಭಾರ ಎಂದು ಬೇರ್ಪಡಿಸಿ ತಿಳಿಯುವುದೇ ಜೊತೆಗಾರನ ಜಾಣ್ಮೆ.

ಹಾಗಾದರೆ ಏರಿನಲ್ಲಿ ಜೊತೆಗಾರನ ಕೆಲಸವೇನೂ ಇಲ್ಲವೇ? ಇದೆ. ಅವನು ಪಕ್ಕದಲ್ಲಿ ಇರಬಹುದು. ತನ್ನ ಗೇರು ಇಳಿಸಿ, ತನ್ನ ವೇಗ ತಗ್ಗಿಸಿ, ನಿಧಾನಸ್ಥನ ಉಸಿರಿಗೆ ತನ್ನ ಉಸಿರನ್ನು ಹೊಂದಿಸಿ ಹೋಗಬಹುದು. ‘ಇನ್ನೂ ಇಪ್ಪತ್ತು ತಿರುವುಗಳಿವೆ’ ಎನ್ನುವ ಬದಲು ‘ಮುಂದಿನ ತಿರುವಿನವರೆಗೆ ಹೋಗೋಣ’ ಎನ್ನಬಹುದು. ಬೆಟ್ಟ ಬಲ್ಲವರು ಮೂವತ್ತಾರನ್ನು ಎಣಿಸುವುದಿಲ್ಲ. ಒಂದನ್ನು ಮೂವತ್ತಾರು ಬಾರಿ ಎಣಿಸುತ್ತಾರೆ.

ದಾರ್ಶನಿಕ ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಪ್ರಯೋಜನಕ್ಕಾಗಿ ಮಾಡುವ ಸ್ನೇಹ, ಸಂತೋಷಕ್ಕಾಗಿ ಮಾಡುವ ಸ್ನೇಹ, ಸ್ನೇಹಿತನ ಒಳಿತಿಗಾಗಿಯೇ ಮಾಡುವ ಸ್ನೇಹ. ಬೆಳಿಗ್ಗೆ ಬೆನ್ನ ಮರೆಯಲ್ಲಿ ಸಾಗಿದ್ದು ಮೊದಲನೆಯದು. ತಿಂಡಿಯ ಹೊತ್ತಿನ ಹರಟೆ ಎರಡನೆಯದು. ಏರಿನಲ್ಲಿ ಪ್ರಯೋಜನವೂ ಇಲ್ಲ, ಮಾತನಾಡಲು ಉಸಿರೂ ಇಲ್ಲ. ಆಗಲೂ ಪಕ್ಕದಲ್ಲಿ ಉಳಿಯುವವನು ಮೂರನೆಯ ಬಗೆಯವನು. ಮದುವೆಯಲ್ಲಿಯೂ ಈ ಮೂರು ಘಟ್ಟಗಳು ಬರುತ್ತವೆ. ಕಲ್ಹಟ್ಟಿ ಬಾರದ ಮದುವೆಯನ್ನು ನಾನು ಕಂಡಿಲ್ಲ.

6. ಕಾಯುವುದರಲ್ಲಿ ಎರಡು ಬಗೆ

ಗಟ್ಟಿಗರು ಕಲ್ಹಟ್ಟಿಯನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಏರಿಬಿಡುತ್ತಾರೆ. ಸಾಮಾನ್ಯರಿಗೆ ಎರಡು ಗಂಟೆ ಬೇಕು. ನಡುನಡುವೆ ಇಳಿದು ತಳ್ಳುವವರಿಗೆ ಮೂರು. ಆದ್ದರಿಂದ ಗುಂಪು ಒಡೆಯುವುದು ಸಹಜ. ಮುಂದೆ ಹೋದವರು ತಿರುವಿನಲ್ಲಿ ನೆರಳು ನೋಡಿ ಕಾಯುತ್ತಾರೆ. ಇದು ಒಳ್ಳೆಯ ಪದ್ಧತಿ. ಆದರೆ ಕಾಯುವುದರಲ್ಲಿಯೂ ಎರಡು ಬಗೆಗಳಿವೆ.

ಮೊದಲನೆಯ ಬಗೆ ಇದು. ಗಟ್ಟಿಗರು ತಿರುವಿನಲ್ಲಿ ಕುಳಿತು ಹದಿನೈದು ನಿಮಿಷ ದಣಿವಾರಿಸಿಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ, ಫೋಟೋ ತೆಗೆಯುತ್ತಾರೆ. ಕೊನೆಯವನು ಏದುಸಿರು ಬಿಡುತ್ತ ಬಂದು ಮುಟ್ಟುತ್ತಾನೆ. ಅವನು ಮುಟ್ಟಿದ ಕ್ಷಣವೇ ‘ಸರಿ, ಎಲ್ಲರೂ ಬಂದಾಯಿತು, ಹೊರಡೋಣ’ ಎಂದು ಇವರು ಎದ್ದುಬಿಡುತ್ತಾರೆ. ವಿಶ್ರಾಂತಿ ಬೇಡವಾದವರಿಗೆ ಹದಿನೈದು ನಿಮಿಷ ಸಿಕ್ಕಿತು. ವಿಶ್ರಾಂತಿ ಬೇಕಾದವನಿಗೆ ಒಂದು ನಿಮಿಷವೂ ಸಿಗಲಿಲ್ಲ. ಹೀಗೆ ನಾಲ್ಕು ಬಾರಿ ನಡೆದರೆ ಅವನು ಬೆಟ್ಟಕ್ಕೆ ಸೋಲುವುದಿಲ್ಲ, ಗೆಳೆಯರಿಗೆ ಸೋಲುತ್ತಾನೆ. ‘ನಾವು ಕಾದೆವಲ್ಲ?’ ಎಂದು ಇವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಕಾದದ್ದು ನಿಜ. ಆದರೆ ಅವನಿಗಾಗಿ ಕಾಯಲಿಲ್ಲ. ತಮ್ಮ ಮನಸ್ಸಾಕ್ಷಿಗಾಗಿ ಕಾದರು.

ಎರಡನೆಯ ಬಗೆಯಲ್ಲಿ ಕೊನೆಯವನು ಬಂದ ಮೇಲೆ ವಿಶ್ರಾಂತಿ ಆರಂಭವಾಗುತ್ತದೆ. ಅವನು ಕುಳಿತು, ಕುಡಿದು, ತಿಂದು, ಉಸಿರು ಹದಕ್ಕೆ ಬಂದು, ಮೊದಲು ಅವನೇ ಹೊರಡುತ್ತಾನೆ. ಉಳಿದವರು ಅವನ ಹಿಂದೆ. ವ್ಯತ್ಯಾಸ ಹತ್ತು ನಿಮಿಷದ್ದು. ಆ ಹತ್ತು ನಿಮಿಷದಲ್ಲಿ ಗುಂಪು ಗುಂಪಾಗಿ ಉಳಿಯುತ್ತದೆ.

ಚೆನ್ನಾಗಿ ನಡೆಸುವ ಯಾತ್ರೆಗಳಲ್ಲಿ ಎಲ್ಲರಿಗಿಂತ ಹಿಂದೆ ಬರಲು ಒಬ್ಬ ಅನುಭವಿಯನ್ನು ನೇಮಿಸುವ ಪದ್ಧತಿಯಿದೆ. ಅವನು ಯಾರನ್ನೂ ಹಿಂದಿಕ್ಕುವಂತಿಲ್ಲ. ಬಲವಿದ್ದೂ ನಿಧಾನವಾಗಿ ಹೋಗಬೇಕು. ಕೊನೆಯವನು ಪಂಕ್ಚರ್ ಹಾಕುವಾಗ ಟಾರ್ಚು ಹಿಡಿಯಬೇಕು. ಅವನಿಗೆ ಪದಕವಿಲ್ಲ. ಆದರೆ ಅವನಿದ್ದಾನೆ ಎಂಬ ಒಂದೇ ಧೈರ್ಯದಿಂದ ನಿಧಾನಸ್ಥರು ನೆಮ್ಮದಿಯಿಂದ ತುಳಿಯುತ್ತಾರೆ.

ನಿಧಾನವನ್ನು ಹೀಯಾಳಿಸಬಾರದು ಎಂಬುದಕ್ಕೆ ಅಯೋವಾದ ಕ್ಲಾರೆನ್ಸ್ ಪಿಕಾರ್ಡ್ ಸಾಕ್ಷಿ. 1973ರ ಆ ಮೊದಲ ಯಾತ್ರೆಗೆ ಬಂದಾಗ ಆ ರೈತನಿಗೆ 83 ವರ್ಷ. ಯಾರೋ ಬಳಸಿ ಬಿಟ್ಟ ಹೆಂಗಸರ ಸೈಕಲ್, ಬೇಸಗೆಯಲ್ಲಿಯೂ ಉದ್ದನೆಯ ಒಳಉಡುಪು, ತಲೆಗೆ ಬೆಂಡಿನ ಟೋಪಿ. ನಕ್ಕವರು ಇದ್ದಿರಬೇಕು. ಯುವಕರು ಅನೇಕರು ನಡುವೆಯೇ ಬಿಟ್ಟರು. ಅಜ್ಜ ಕೊನೆಯವರೆಗೂ ತುಳಿದರು. ಆ ಯಾತ್ರೆ ಇಂದಿಗೂ ನೆನೆಯುವುದು ಅಂದು ಮೊದಲು ಮುಟ್ಟಿದವರನ್ನಲ್ಲ, ಆ ಅಜ್ಜನನ್ನು.

ನಮ್ಮ ಮನೆಗಳಲ್ಲಿ ಕೊನೆಯ ಸವಾರ ಯಾರು? ಗಣಿತ ತಲೆಗೆ ಹತ್ತದ ಕಿರಿಮಗನೇ? ಹೇಳಿದ್ದನ್ನೇ ನಾಲ್ಕು ಸಲ ಹೇಳುವ ಅಜ್ಜಿಯೇ? ಕೆಲಸ ಹೋದಂದಿನಿಂದ ಮಾತು ಕಡಿಮೆಮಾಡಿದ ಅಪ್ಪನೇ? ಅಕ್ಕ ಇಂಜಿನಿಯರಾದಳು, ಅಣ್ಣ ವಿದೇಶಕ್ಕೆ ಹೋದ, ನೀನು ಯಾವಾಗ ಎಂದು ನಾವು ತಿರುವಿನಲ್ಲಿ ಕುಳಿತು ಕೇಳುತ್ತೇವೆ. ಅವನು ಏದುಸಿರು ಬಿಡುತ್ತ ಬಂದು ಮುಟ್ಟಿದೊಡನೆ ನಾವು ಎದ್ದು ಹೊರಟುಬಿಡುತ್ತೇವೆ.

7. ವಾಹನ ಹತ್ತುವ ವಿವೇಕ

ಗುಂಪಿನ ಹಿಂದೆ ಬೆಂಬಲ ವಾಹನ ಬರುತ್ತದೆ. ನೀರು, ಔಷಧಿ, ಬಿಡಿಭಾಗಗಳು ಅದರಲ್ಲಿರುತ್ತವೆ. ಇನ್ನು ತುಳಿಯಲಾರದವರನ್ನು ಅದು ಹತ್ತಿಸಿಕೊಳ್ಳುತ್ತದೆ. ಅದನ್ನು ಹತ್ತುವುದು ಸವಾರರಿಗೆ ಸಾವಿಗೆ ಸಮಾನ! ತಲೆ ಸುತ್ತುತ್ತಿದ್ದರೂ, ಎದೆ ಹಿಡಿದುಕೊಂಡಂತಾದರೂ ‘ಇನ್ನೆರಡು ತಿರುವು’ ಎಂದು ಹಟ ಹಿಡಿಯುತ್ತಾರೆ.

ಇಲ್ಲಿ ಧೈರ್ಯ ಮತ್ತು ಹಟವನ್ನು ಬೇರ್ಪಡಿಸಿ ನೋಡಬೇಕು. ಹಳೆಯ ನೀತಿಶಾಸ್ತ್ರಜ್ಞರು ವಿವೇಕವನ್ನು ಸದ್ಗುಣಗಳ ಸಾರಥಿ ಎಂದು ಕರೆದರು. ಧೈರ್ಯವೂ ಸಾರಥಿಯಿಲ್ಲದಿದ್ದರೆ ಹಳ್ಳಕ್ಕೆ ಬೀಳುತ್ತದೆ. ಕಾಲು ನೋಯುವುದು, ಉಸಿರು ಕಟ್ಟುವುದು, ಬೇಸರವಾಗುವುದು ಏರಿನ ಸಹಜ ಲಕ್ಷಣಗಳು, ಇವುಗಳನ್ನು ತಾಳಬಹುದು. ಎದೆನೋವು, ಕಣ್ಣು ಕತ್ತಲಿಡುವುದು, ಬಿಸಿಲಿನಲ್ಲಿಯೂ ಮೈ ನಡುಗುವುದು, ಮಾತು ತೊದಲುವುದು ಎಚ್ಚರಿಕೆಯ ಲಕ್ಷಣಗಳು. ಇವುಗಳನ್ನು ತಾಳಬಾರದು, ಕೂಡಲೆ ನಿಲ್ಲಬೇಕು. ಹತ್ತಿದವನನ್ನು ರೇಗಿಸದಿರುವುದು ಗುಂಪಿನ ಧರ್ಮ. ವಾಹನ ಇರುವುದೇ ಹತ್ತುವುದಕ್ಕಾಗಿ. ಅವನು ಇಂದು ಹತ್ತಿದರೆ ನಾಳೆ ತುಳಿಯುತ್ತಾನೆ; ಇಂದು ಬಿದ್ದರೆ ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ.

ವೈದ್ಯರ ಬಳಿ ಹೋಗಲು, ಸಾಲದ ವಿಷಯ ಮನೆಯಲ್ಲಿ ಹೇಳಲು, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳಲು ನಾಚುವ ನಮ್ಮ ಜನರಿಗೂ ಇದೇ ಮಾತು. ಸಹಾಯ ಕೇಳಿದವನು ಯಾತ್ರೆಯಿಂದ ಹೊರಗಾಗುವುದಿಲ್ಲ.

8. ಸಂಜೆಯ ಕೆಲಸ

ತಲೈಕುಂದ ದಾಟಿ ಊಟಿ ಮುಟ್ಟುವಾಗ ಸಂಜೆಯ ಚಳಿ ಇಳಿಯುತ್ತಿರುತ್ತದೆ. ಬೆವರಿದ ಬಟ್ಟೆಯಲ್ಲಿ ನಿಂತರೆ ಕ್ಷಣದಲ್ಲಿ ನಡುಕ. ಬಲ್ಲವರು ಮೊದಲು ಒಣಬಟ್ಟೆ ಹಾಕಿಕೊಳ್ಳುತ್ತಾರೆ, ಬಿಸಿಯಾದುದೇನಾದರೂ ಕುಡಿಯುತ್ತಾರೆ, ಹಾಸಿಗೆಗೆ ಹೋಗುವ ಮುನ್ನ ಸೈಕಲಿನ ಸರಪಳಿ ಒರೆಸಿ ಎಣ್ಣೆ ಹಾಕುತ್ತಾರೆ. ನಾಳೆಯ ದಾರಿಗೆ ಇಂದಿನ ಧೂಳು ಶತ್ರು. ಕೊನೆಯವರು ಬರುವವರೆಗೆ ಕೆಲವರು ಬಾಗಿಲಲ್ಲಿಯೇ ನಿಂತಿರುತ್ತಾರೆ. ಕೊನೆಗೆ ಬಂದವನಿಗೆ ಬೀಳುವ ಚಪ್ಪಾಳೆ ಮೊದಲು ಬಂದವನಿಗೆ ಬಿದ್ದುದಕ್ಕಿಂತ ಜೋರಾಗಿದ್ದರೆ ಅದು ಒಳ್ಳೆಯ ಗುಂಪು.

ಇಟಲಿಯ ಕೊಮೊ ಸರೋವರದ ಮೇಲಣ ಗಿಸಾಲೊ ಬೆಟ್ಟದ ತುದಿಯಲ್ಲಿ ಮಾತೆ ಮರಿಯಮ್ಮನವರ ಒಂದು ಚಿಕ್ಕ ಗುಡಿಯಿದೆ. ಸೈಕಲ್ ಸವಾರರು ಏರು ಮುಗಿಸಿ ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದರು. 1949ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಗೆದ್ದವರು ಅರ್ಪಿಸಿದ ಸೈಕಲುಗಳು ಗೋಡೆಯಲ್ಲಿ ತೂಗುತ್ತಿವೆ; ದಾರಿಯಲ್ಲಿ ಸತ್ತವರ ನೆನಪೂ ಅಲ್ಲಿಯೇ ಇದೆ. ಗೆದ್ದವನನ್ನೂ ಬಿದ್ದವನನ್ನೂ ಒಂದೇ ಸೂರಿನಡಿ ನೆನೆಯುವ ಆ ಗುಡಿ ಏರಿನ ತುದಿಯಲ್ಲಿರುವುದು ಎಷ್ಟು ಉಚಿತ!

ಮನೆಮಂದಿ ಕೂಡಿ ಮಾತನಾಡಲು

1. ನಮ್ಮ ಮನೆಯಲ್ಲಿ ಈಗ ಗಾಳಿಗೆ ಎದೆಯೊಡ್ಡಿರುವವರು ಯಾರು? ಅವರ ಸರದಿ ಎಷ್ಟು ದಿನದಿಂದ ಬದಲಾಗಿಲ್ಲ? ಈ ವಾರ ಅವರ ಯಾವ ಒಂದು ಕೆಲಸವನ್ನು ನಾವು ವಹಿಸಿಕೊಳ್ಳಬಹುದು?

2. ಯಾರ ಕಷ್ಟ ‘ಗಾಳಿ’ಯಂಥದು, ಯಾರ ಕಷ್ಟ ‘ಭಾರ’ದಂಥದು? ಭಾರ ಹೊತ್ತವರಿಗೆ ನಾವು ಉಪದೇಶ ಕೊಡುತ್ತಿದ್ದೇವೆಯೇ, ಜೊತೆ ಕೊಡುತ್ತಿದ್ದೇವೆಯೇ?

3. ನಮ್ಮ ಕೊನೆಯ ಸವಾರ ಯಾರು? ಅವರು ಬಂದು ಮುಟ್ಟಿದ ಮೇಲೆ ನಾವು ಎಷ್ಟು ಹೊತ್ತು ಕುಳಿತಿರುತ್ತೇವೆ?

4. ಹೇಳಲು ನಾಚಿ ಯಾರಾದರೂ ಒಬ್ಬರೇ ತುಳಿಯುತ್ತಿದ್ದಾರೆಯೇ? ಅವರಿಗೆ ವಾಹನದ ಬಾಗಿಲನ್ನು ಹೇಗೆ ತೆರೆದು ತೋರಿಸೋಣ?

ಈ ವಾರದ ಅಭ್ಯಾಸ: ಒಂದು ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಿ. ಎಲ್ಲರಿಗಿಂತ ನಿಧಾನವಾಗಿ ಉಣ್ಣುವವರು ಕೈ ತೊಳೆಯುವವರೆಗೆ ಯಾರೂ ಏಳಬೇಡಿ. ಅಷ್ಟೇ. ಮೊದಲನೆಯ ತಿರುವು ಇದಾಗಲಿ.